ಹಾರುವ ಓತಿಯ ಬಣ್ಣವನ್ನು ಕ್ಯಾಮೆರಾದಿಂದ ಅಳೆದ ಬಗೆ

ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ನೇರವಾಗಿ ಬಡಿದರೆ ತೊಗಟೆ ಸುಟ್ಟು ಒಡೆದು ಮರ ಕೆಡುತ್ತದೆ. ಅದಕ್ಕಾಗಿ ತೋಟದ ಅಂಚಿನ ಮರಗಳಿಗೆ ಸುಣ್ಣ ಬಳಿಯುವುದೋ ಸೋಗೆ ಕಟ್ಟುವುದೋ ಶಿರಸಿಯ ಕಡೆ ರೂಢಿಯಲ್ಲಿದೆ. ನಮ್ಮ ತೋಟದಲ್ಲಿಯೂ ಒಂದು ಅಂಚಿನ ಸಾಲಿಗೆ ಸುಣ್ಣ ಬಳಿದಿದ್ದೇವೆ, ಆ ಸಾಲಿನಲ್ಲಿಯೇ ಹಾರುವ ಓತಿಗಳೂ ಓಡಾಡಿಕೊಂಡಿರುತ್ತವೆ. ಒಳಗಿನ ಸಾಲುಗಳಲ್ಲಿ, ಹಾವಸೆಯೂ ಕಲ್ಲುಹೂವೂ ಹಿಡಿದ ಕಾಂಡದ ಮೇಲೆ ಕುಳಿತ ಓತಿಯನ್ನು, ಅದು ಅಲ್ಲಿದೆ ಎಂದು ತಿಳಿದಿದ್ದರೂ ಹುಡುಕಬೇಕಾಗುತ್ತದೆ. ಸುಣ್ಣದ ಮರದ ಮೇಲೆ ಕುಳಿತರೆ ಅದೇ ಪ್ರಾಣಿ ಬಸಿಗಾಲುವೆಯ ಆಚೆಯಿಂದಲೇ ಕಣ್ಣಿಗೆ ಬೀಳುತ್ತದೆ. ಈ ವ್ಯತ್ಯಾಸವನ್ನು ಬರಿಯ ಮಾತಿನಲ್ಲಿ ಹೇಳದೆ ಸಂಖ್ಯೆಯಲ್ಲಿ ಹೇಳಲು ಸಾಧ್ಯವೇ ಎಂದು ನೋಡಬೇಕೆನಿಸಿ, ಕಾಲೇಜಿನ ರಜೆಯಲ್ಲಿ ನಾನು ಈ ಕೆಲಸವನ್ನು ಕೈಗೆತ್ತಿಕೊಂಡೆ.

ಬಣ್ಣ ಅಳೆಯುವ ಉಪಕರಣವೆಂದರೆ ಸ್ಪೆಕ್ಟ್ರೋಮೀಟರ್. ಅದು ತರಂಗಾಂತರ ತರಂಗಾಂತರವಾಗಿ ಪ್ರತಿಫಲನವನ್ನು ಹೇಳುತ್ತದೆಯಾದರೂ ಒಂದು ಸಲಕ್ಕೆ ಕೆಲವು ಮಿಲಿಮೀಟರ್ ಅಗಲದ ಒಂದು ಚುಕ್ಕೆಯನ್ನಷ್ಟೇ ಅಳೆಯುತ್ತದೆ, ಮತ್ತು ಅದರ ತುದಿಯನ್ನು ಪ್ರಾಣಿಯ ಮೈಗೆ ಹತ್ತಿರ ಹಿಡಿಯಬೇಕು. ಬಾಲ ಸೇರಿ ಒಂದು ಗೇಣಿನಷ್ಟಿರುವ, ಬೆನ್ನಿನ ಮೇಲೆ ಬೂದು, ಕಂದು, ಕಪ್ಪುಗಳ ಚಿತ್ತಾರವನ್ನೇ ಹೊತ್ತಿರುವ ಈ ಓತಿಯ ವಿಷಯದಲ್ಲಿ ಚಿತ್ತಾರವೇ ಮುಖ್ಯ, ಮತ್ತು ಅದನ್ನು ಹಿಡಿಯುವುದು ನನಗೆ ಬೇಕಿರಲಿಲ್ಲ. ಹಿಡಿದ ಓತಿ ಹೆದರಿರುತ್ತದೆ. ಹೆದರಿಕೆಗೂ ಮೈಶಾಖಕ್ಕೂ ಬಣ್ಣ ಬದಲಿಸುವ ಓತಿಗಳು ಈ ಬಳಗದಲ್ಲಿ ಹಲವಿವೆ. ಛಾಯಾಚಿತ್ರವಾದರೆ ಪ್ರಾಣಿಯನ್ನು ಮುಟ್ಟದೆ, ಮೈಯ ಎಲ್ಲ ಭಾಗವನ್ನೂ ಅದು ಕುಳಿತ ಮರವನ್ನೂ ಒಟ್ಟಿಗೆ ದಾಖಲಿಸುತ್ತದೆ.

ಆದರೆ ಛಾಯಾಚಿತ್ರದಲ್ಲಿರುವ ಬಣ್ಣ ಪ್ರಾಣಿಯ ಬಣ್ಣವಲ್ಲ. ಅದು ಮೇಲೆ ಬಿದ್ದ ಬೆಳಕು, ಚರ್ಮದ ಪ್ರತಿಫಲನ, ಸೆನ್ಸರಿನ ಸಂವೇದನೆ ಮತ್ತು ಕ್ಯಾಮೆರಾದೊಳಗಿನ ತಂತ್ರಾಂಶ ಈ ನಾಲ್ಕೂ ಸೇರಿದ ಫಲ. ನಮಗೆ ಬೇಕಾದದ್ದು ಎರಡನೆಯದು ಮಾತ್ರ. ಉಳಿದ ಮೂರನ್ನು ಒಂದೊಂದಾಗಿ ಕಳೆಯುತ್ತ ಹೋಗುವುದೇ ಈ ಇಡೀ ಕೆಲಸ. ನನ್ನ ಬಳಿ ಮೊದಲಿನಿಂದ ಕೂಡಿಬಿದ್ದಿದ್ದ ಓತಿಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದರಲ್ಲಿ ಅದು ಬೂದಿಯ ಬಣ್ಣ, ಇನ್ನೊಂದರಲ್ಲಿ ಮಣ್ಣಿನ ಬಣ್ಣ, ಮೂರನೆಯದರಲ್ಲಿ ಹಸಿರು ಛಾಯೆ. ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಪ್ರತಿ ಚಿತ್ರಕ್ಕೂ ತನ್ನದೇ ಊಹೆಯಿಂದ ಬಣ್ಣವನ್ನು ತಿದ್ದುತ್ತದೆ. ಚೌಕಟ್ಟಿನೊಳಗೆ ಒಂದು ಹಸಿರು ಎಲೆ ಹೆಚ್ಚು ಬಂದರೂ ಆ ಊಹೆ ಬದಲಾಗುತ್ತದೆ. ಅಂತಹ ಚಿತ್ರಗಳನ್ನು ನೋಡಿ ಆನಂದಿಸಬಹುದು, ಅವುಗಳಿಂದ ಅಳೆಯಲಾಗದು.

ಇದಕ್ಕಿಂತ ಆಳವಾದ ತೊಡಕು ಜೆಪೆಗ್ ಕಡತದ ಒಳಗೆಯೇ ಇದೆ. ಸೆನ್ಸರಿನ ಮೇಲೆ ಬೀಳುವ ಬೆಳಕು ಇಮ್ಮಡಿಯಾದರೆ ಸೆನ್ಸರ್ ಕೊಡುವ ಸಂಕೇತವೂ ಇಮ್ಮಡಿಯಾಗುತ್ತದೆ. ಜೆಪೆಗ್‌ನಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಪರದೆಯ ಮೇಲೆ ನಮ್ಮ ಕಣ್ಣಿಗೆ ಹಿತವಾಗಿ ಕಾಣಲೆಂದು ಮೌಲ್ಯಗಳನ್ನು ಒಂದು ಬಾಗಿದ ರೇಖೆಯ ಮೇಲೆ ಕೂರಿಸಿರುತ್ತಾರೆ. ಬೀಳುವ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಬೂದು ಫಲಕವೊಂದರ ಮೌಲ್ಯ 0ಯಿಂದ 255ರ ಅಳತೆಯಲ್ಲಿ ನೇರ ಲೆಕ್ಕಕ್ಕೆ 46 ಆಗಬೇಕು. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಪದ್ಧತಿಯಲ್ಲಿ ಅದು ಸುಮಾರು 118 ಆಗಿರುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಿದರೆ 118 ಇದ್ದದ್ದು 59 ಆಗುವುದಿಲ್ಲ, ಸುಮಾರು 85 ಆಗುತ್ತದೆ. ಹೀಗಿರುವಾಗ ಜೆಪೆಗ್‌ನ ಎರಡು ಮೌಲ್ಯಗಳನ್ನು ಭಾಗಿಸಿ, ಓತಿಯ ಬೆನ್ನು ತೊಗಟೆಗಿಂತ ಇಷ್ಟು ಪಾಲು ಕಪ್ಪು ಎಂದು ಹೇಳಿದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕ್ಯಾಮೆರಾ ತಯಾರಕರು ಈ ರೇಖೆಯ ಮೇಲೆ ತಮ್ಮದೇ ಆದ ಕಾಂಟ್ರಾಸ್ಟ್ ಮತ್ತು ಬಣ್ಣದ ಗಾಢತೆಯನ್ನು ಬೇರೆ ಸೇರಿಸುತ್ತಾರೆ, ಆದ್ದರಿಂದ ಸೂತ್ರವನ್ನು ಹಿಂದುಮುಂದು ಮಾಡಿದರೂ ಮೂಲ ಮೌಲ್ಯ ಪೂರ್ತಿ ಸಿಗುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಬಣ್ಣ ಅಳೆಯುವ ಉದ್ದೇಶವಿದ್ದರೆ ಕ್ಯಾಮೆರಾವನ್ನು ರಾ ಫೈಲ್‌ಗೆ ಹೊಂದಿಸಿದ ಮೇಲೆಯೇ ತೋಟಕ್ಕೆ ಇಳಿಯಬೇಕು.

ರಾ ಫೈಲ್ ಎಂದರೆ ಸೆನ್ಸರ್ ಕಂಡದ್ದರ ಕಚ್ಚಾ ದಾಖಲೆ, ಸಾಮಾನ್ಯವಾಗಿ 12 ಅಥವಾ 14 ಬಿಟ್‌ನದು. 14 ಬಿಟ್ ಎಂದರೆ 16,384 ಮೆಟ್ಟಿಲುಗಳು. ಜೆಪೆಗ್‌ನಲ್ಲಿ ಇರುವುದು 256. ಸೆನ್ಸರಿನ ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದೇ ಬಣ್ಣದ ಸೋಸುಗವಿರುತ್ತದೆ. ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸ ಇದು. ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಅಂದಾಜಿಸಿ ತುಂಬಲಾಗುತ್ತದೆ, ಆದ್ದರಿಂದ ಒಂದೆರಡು ಪಿಕ್ಸೆಲ್ ಅಗಲದ ಗೆರೆ ಚುಕ್ಕೆಗಳ ಬಣ್ಣವನ್ನು ನಂಬುವಂತಿಲ್ಲ. ಓತಿ ಚೌಕಟ್ಟಿನಲ್ಲಿ ದೊಡ್ಡದಾಗಿ, ಮಧ್ಯಭಾಗದಲ್ಲಿ ಬರುವಂತೆ ತೆಗೆದು, ಒಂದೇ ಬಣ್ಣದ ಪ್ರದೇಶದ ಅನೇಕ ಪಿಕ್ಸೆಲ್‌ಗಳ ಸರಾಸರಿ ತೆಗೆದುಕೊಳ್ಳಬೇಕು. ಮಧ್ಯಭಾಗವೇ ಏಕೆಂದರೆ ಲೆನ್ಸ್‌ಗಳು ಮೂಲೆಗಳಿಗೆ ಕಡಿಮೆ ಬೆಳಕು ಕೊಡುತ್ತವೆ.

ಇನ್ನು ಬೆಳಕಿನ ಮಾತು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ತೋಟದ ಬೆಳಕೇ. ಜಾನ್ ಎಂಡ್ಲರ್ ಎಂಬ ವಿಜ್ಞಾನಿ 1993ರಲ್ಲಿ ಕಾಡಿನ ಬೆಳಕಿನ ಬಣ್ಣಗಳನ್ನು ವರ್ಗೀಕರಿಸಿ ಪ್ರಕಟಿಸಿದರು. ದಟ್ಟ ಚಪ್ಪರದ ಕೆಳಗಿನ ನೆರಳು ಎಲೆಗಳ ಮೂಲಕ ಸೋಸಿ ಬರುವುದರಿಂದ ಹಳದಿ ಮಿಶ್ರಿತ ಹಸಿರು. ಮರಗಳು ವಿರಳವಾಗಿದ್ದು ಆಕಾಶ ಕಾಣುವ ಕಡೆಯ ನೆರಳು ನೀಲಿ ಮಿಶ್ರಿತ. ಚಿಕ್ಕ ಕಿಂಡಿಯಿಂದ ನೇರವಾಗಿ ಬೀಳುವ ಬಿಸಿಲು ಕಿತ್ತಳೆಯತ್ತ ವಾಲಿದ್ದು. ದೊಡ್ಡ ಬಯಲಿನ ಬೆಳಕು ಬಿಳಿ. ಈ ನಾಲ್ಕನ್ನೂ ನಮ್ಮ ಒಂದೇ ತೋಟದಲ್ಲಿ ನಡೆದಾಡಿ ನೋಡಬಹುದು. ಮೆಣಸಿನ ಬಳ್ಳಿಯೂ ಬಾಳೆಯೂ ತುಂಬಿರುವ ಒಳಸಾಲಿನಲ್ಲಿ ಹಸಿರು ನೆರಳು, ಮರ ಬಿದ್ದು ತೆರವಾದ ಜಾಗದ ಪಕ್ಕದಲ್ಲಿ ನೀಲಿ ನೆರಳು, ಸೋಗೆಗಳ ಸಂದಿಯಿಂದ ಕಾಂಡದ ಮೇಲೆ ಬಿದ್ದು ಸರಿಯುವ ಬಿಸಿಲ ಚುಕ್ಕೆಗಳು, ಮತ್ತು ತೋಟ ಮುಗಿದು ಸೊಪ್ಪಿನ ಬೆಟ್ಟ, ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಶುರುವಾಗುವಲ್ಲಿ ಬಯಲಿನ ಬೆಳಕು. ಓತಿ ಒಂದು ಮರದಿಂದ ಇನ್ನೊಂದಕ್ಕೆ ಪಕ್ಕೆಲುಬಿನ ಪಟ ಬಿಚ್ಚಿ ತೇಲಿಹೋಗುವ ಕ್ಷಣಾರ್ಧದಲ್ಲಿ ಬೇರೊಂದು ಬಣ್ಣದ ಬೆಳಕಿಗೆ ಹೋಗಿರುತ್ತದೆ. ಮೋಡ ಮುಚ್ಚಿದ ಹಗಲಿನಲ್ಲಿ ಮಾತ್ರ ಈ ವ್ಯತ್ಯಾಸಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ನೆರಳಿನ ಅಂಚುಗಳು ಮೆತ್ತಗಾಗಿ, ಬಿಸಿಲ ಚುಕ್ಕೆಗಳಿಲ್ಲದೆ ಇಡೀ ಕಾಂಡಕ್ಕೆ ಒಂದೇ ಬೆಳಕು ಸಿಗುತ್ತದೆ. ಮಳೆ ಹಿಂದೆ ಸರಿದು ಮೋಡ ಉಳಿದ ದಿನಗಳನ್ನೇ ಆರಿಸಿಕೊಂಡು ನಾನು ಚಿತ್ರ ತೆಗೆದದ್ದು ಈ ಕಾರಣಕ್ಕೆ. ಫ್ಲ್ಯಾಷ್ ಬಳಸಿದರೆ ಬೆಳಕು ನಮ್ಮ ಹಿಡಿತದಲ್ಲಿರುತ್ತದೆ ಎನ್ನುವುದು ನಿಜವಾದರೂ ಹುರುಪೆಗಳ ಮೇಲೆ ಹೊಳಪಿನ ಕಲೆಗಳು ಏಳುತ್ತವೆ, ಆ ಹೊಳಪು ಬಣ್ಣವಲ್ಲ, ಅದನ್ನು ಬಿಟ್ಟೆ.

ಬೆಳಕು ಹೇಗೇ ಇರಲಿ, ಅದೇ ಬೆಳಕಿನಲ್ಲಿ, ಪ್ರತಿಫಲನ ತಿಳಿದಿರುವ ಒಂದು ವಸ್ತುವನ್ನೂ ಚಿತ್ರಿಸಿದರೆ ಬೆಳಕಿನ ಪ್ರಭಾವವನ್ನು ಭಾಗಿಸಿ ಕಳೆಯಬಹುದು. ಆ ವಸ್ತು ಎಲ್ಲ ತರಂಗಾಂತರಗಳನ್ನೂ ಸಮನಾಗಿ ಹಿಂದಿರುಗಿಸಬೇಕು, ಯಾವ ಕೋನದಿಂದ ನೋಡಿದರೂ ಹೊಳಪಿಲ್ಲದೆ ಒಂದೇ ರೀತಿ ಕಾಣಬೇಕು. ನನ್ನ ಹುಡುಕಾಟವನ್ನು ಕೇಳಿದ ಅಪ್ಪಯ್ಯ ಹೆಗಲ ಮೇಲಿದ್ದ, ಆಗತಾನೇ ಒಗೆದು ಒಣಗಿಸಿದ ಪಂಚೆಯನ್ನು ಚಾಚಿ, "ಬಿಳೀದು ಬೇಕು ಅಂದ್ರೆ ಈ ಪಂಚೆ ಸಾಕಾಗ್ತಿಲ್ಯ ತಮಾ?" ಎಂದರು. ಪ್ರಶ್ನೆ ಬಹಳ ಸರಿಯಾದದ್ದು. ಈಗಿನ ಸೋಪಿನ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಸೇರಿಸುವ ವಸ್ತುಗಳು ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಅದನ್ನು ನೀಲಿ ಬೆಳಕಾಗಿ ಹೊರಬಿಡುತ್ತವೆ. ಎಂದರೆ ಪಂಚೆ ತನ್ನ ಮೇಲೆ ಬಿದ್ದ ನೀಲಿಗಿಂತ ಹೆಚ್ಚು ನೀಲಿಯನ್ನು ಹಿಂದಿರುಗಿಸುತ್ತದೆ, ಅದನ್ನು ಆಧಾರವಾಗಿ ಹಿಡಿದರೆ ಓತಿ ಇರುವುದಕ್ಕಿಂತ ಹಳದಿಯಾಗಿ ಲೆಕ್ಕ ಬರುತ್ತದೆ. ಮುದ್ರಣದ ಬಿಳಿ ಹಾಳೆಯದೂ ಇದೇ ಗುಣ. ಸುಣ್ಣದಲ್ಲಿ ಆ ದೋಷವಿಲ್ಲ, ಆದರೆ ಮಳೆಗೆ ತೊಳೆದು ಪಾಚಿ ಹಿಡಿದ ಸುಣ್ಣ ಒಂದು ಗೇಣಿನ ಅಂತರದಲ್ಲಿಯೇ ಬೇರೆ ಬೇರೆಯಾಗಿರುತ್ತದೆ.

ಪ್ರಯೋಗಾಲಯಗಳಲ್ಲಿ ಇದಕ್ಕೆ ಸ್ಪೆಕ್ಟ್ರಲಾನ್ ಎಂಬ, ಶೇಕಡಾ 99ರಷ್ಟು ಬೆಳಕನ್ನು ಹಿಂದಿರುಗಿಸುವ ಬಿಳಿ ಬಿಲ್ಲೆಯನ್ನು ಬಳಸುತ್ತಾರೆ. ಅದರ ಬೆಲೆ ಹೆಚ್ಚು. ಅದೇ ಜಾತಿಯ ವಸ್ತುವಿನಿಂದಲೇ, ಎಂದರೆ ಪಿಟಿಎಫ್‌ಇಯಿಂದಲೇ, ನಲ್ಲಿ ಜೋಡಿಸುವವರು ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಮಾಡುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಆ ಟೇಪಿನ ಒಂದು ಪದರ ತೀರ ತೆಳುವಾಗಿ ಹಿಂದಿನದನ್ನು ತೋರಿಸುತ್ತದೆ. ಅದನ್ನು ಹಲವು ಪದರ ಒತ್ತಾಗಿ ಸುತ್ತಿದರೆ ಒಳ್ಳೆಯ, ಹೊಳಪಿಲ್ಲದ ಬಿಳಿ ಸಿಗುತ್ತದೆ. ಅದರ ಜೊತೆಗೆ 24 ಚೌಕಗಳ ಕಲರ್‌ಚೆಕರ್ ಫಲಕವೊಂದನ್ನು ಇಟ್ಟುಕೊಂಡೆ. ಅದರ ಕೊನೆಯ ಸಾಲಿನ 6 ಚೌಕಗಳು ಬಿಳಿಯಿಂದ ಕಪ್ಪಿನವರೆಗೆ ಇಳಿಯುತ್ತವೆ, ಬಿಳಿಯದು ಸುಮಾರು ಶೇಕಡಾ 90, ಕಪ್ಪಿನದು ಸುಮಾರು ಶೇಕಡಾ 3. ಒಂದರ ಬದಲು ಆರು ಇರುವುದರಿಂದ ಸೆನ್ಸರ್ ನಿಜವಾಗಿಯೂ ಸರಳರೇಖೆಯಲ್ಲಿ ನಡೆಯುತ್ತಿದೆಯೇ ಎಂದು ಪ್ರತಿ ಸಲವೂ ಪರೀಕ್ಷಿಸಬಹುದು.

ಉಳಿದದ್ದು, ಈ ಫಲಕವನ್ನು ಓತಿ ಇರುವ ಜಾಗಕ್ಕೆ ತಲುಪಿಸುವುದು. ಓತಿ ಎದೆಮಟ್ಟದಲ್ಲಿ ಕುಳಿತಿರುವುದಿಲ್ಲ. ಇರುವೆಗಳ ಸಾಲನ್ನು ನೆಕ್ಕುತ್ತ ಅದು ಎರಡು ಮೂರು ಆಳೆತ್ತರದಲ್ಲಿರುತ್ತದೆ, ಬಳಿಗೆ ಫಲಕ ತಂದರೆ ಕಾಂಡದ ಆಚೆ ಬದಿಗೆ ಸರಿದುಬಿಡುತ್ತದೆ. ಇದಕ್ಕೆ ಒಪ್ಪಿತವಾದ ಉಪಾಯವೆಂದರೆ ಮೊದಲು ಪ್ರಾಣಿಯ ಚಿತ್ರ, ಅದು ಸರಿದ ಕೂಡಲೇ ಅದೇ ಜಾಗದಲ್ಲಿ ಫಲಕದ ಚಿತ್ರ, ನಡುವೆ ಕ್ಯಾಮೆರಾದ ಯಾವ ಹೊಂದಾಣಿಕೆಯನ್ನೂ ಮುಟ್ಟದಿರುವುದು. ಈಚಿನ ವರ್ಷಗಳಲ್ಲಿ ಅಡಿಕೆಯ ಕೊನೆ (ಗೊಂಚಲು) ಕೊಯ್ಯಲೂ ಔಷಧಿ ಹೊಡೆಯಲೂ ಬಂದಿರುವ ಫೈಬರ್ ದೋಟಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ದೋಟಿಯ ತುದಿಗೆ ಒಂದು ಚಿಕ್ಕ ಹಲಗೆಯನ್ನು ಬಿಗಿದು, ಅದರ ಮೇಲೆ ಫಲಕವನ್ನೂ ಟೆಫ್ಲಾನ್ ಸುತ್ತಿದ ಬಿಲ್ಲೆಯನ್ನೂ ಕೂರಿಸಿ, ಹಲಗೆಯ ಬೆನ್ನು ಕಾಂಡಕ್ಕೆ ಆತುಕೊಳ್ಳುವಂತೆ ಎತ್ತಿ ಹಿಡಿಯಬೇಕು. ಕಾಂಡ ದುಂಡಗಿರುವುದರಿಂದ ಹಲಗೆ ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಅದರ ಮೇಲೆ ಬೀಳುವ ಬೆಳಕು ಬದಲಾಗುತ್ತದೆ. ಓತಿಯ ಬೆನ್ನು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಫಲಕವೂ ಅದೇ ದಿಕ್ಕಿಗೆ ಮುಖ ಮಾಡಬೇಕು. ದೋಟಿ ಹಿಡಿಯಲು ನಮ್ಮ ಕೊನೆಗೌಡ, ಎಂದರೆ ಕೊನೆ ಕೊಯ್ಯುವವ, ಬರುತ್ತಿದ್ದ. ಹತ್ತಾರು ಅಡಿ ಮೇಲಿನ ತುದಿಯನ್ನು ಅಲುಗಿಸದೆ, ಬೆರಳಿನ ಅಗಲದಷ್ಟು ಎಡಕ್ಕೆ ಬಲಕ್ಕೆ ತಿರುಗಿಸುವ ಕೈ ಹಿಡಿತ ಅವನದು, ಆ ಕೌಶಲವಿಲ್ಲದೆ ಈ ಅಳತೆ ಸಾಧ್ಯವಾಗುತ್ತಿರಲಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8ಕ್ಕೆ, ಐಎಸ್ಒ (ಸಂವೇದನೆಯ ಹೊಂದಾಣಿಕೆ) ಕನಿಷ್ಠದ ಹತ್ತಿರಕ್ಕೆ, ಎಲ್ಲವೂ ಮ್ಯಾನ್ಯುಯಲ್. ಫಲಕದ ಬಿಳಿ ಚೌಕ ಎಲ್ಲಿಯೂ ಗರಿಷ್ಠಕ್ಕೆ ಮುಟ್ಟದಂತೆ ಎಕ್ಸ್‌ಪೋಷರ್ ಇಡಬೇಕು, ಮುಟ್ಟಿದರೆ ಅದರಾಚೆಗಿನ ಮಾಹಿತಿ ಹೋದಂತೆಯೇ. ಚಿತ್ರ ಮತ್ತು ಫಲಕದ ನಡುವೆ ಮೋಡ ಸರಿದು ಬಿಸಿಲು ಬಿದ್ದರೆ ಆ ಜೋಡಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಕೊನೆಗೌಡನ ಕಣ್ಣು ಇನ್ನೊಂದು ಕಡೆಯೂ ನೆರವಿಗೆ ಬಂತು. ಒಳಸಾಲಿನ ಕೆಲವು ಕಾಂಡಗಳ ಮೇಲೆ ತಿಳಿನೀಲಿಯ ಇಳಿಜಾರು ಗೆರೆಗಳಿದ್ದವು. ಕ್ಯಾಮೆರಾ ಗುರಿಯಿಟ್ಟಾಗ ಅವನು, "ಅದು ಮರದ ಬಣ್ಣ ಅಲ್ಲ ಭಟ್ರೆ, ಕೊಳೆ ಔಷಧಿ ಇಳ್ದಿದ್ದು" ಎಂದ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕೊನೆಗಳಿಂದ ಸೋರಿ ಕಾಂಡದ ಮೇಲೆ ಒಣಗಿದ್ದು ಅದು. ತೋಟದ ಮರಗಳ ಮೇಲೆ ಓತಿ ಎಷ್ಟು ಬೆರೆತಿರುತ್ತದೆ ಎಂದು ಕೇಳುವಾಗ ಸುಣ್ಣದ ಜೊತೆಗೆ ಮೈಲುತುತ್ತಿನ ಈ ನೀಲಿಯೂ ಮನುಷ್ಯರು ಸೇರಿಸಿದ ಹಿನ್ನೆಲೆಯೇ. ಅಂದಿನಿಂದ ಕಾಂಡಗಳನ್ನು ಸುಣ್ಣದವು, ಔಷಧಿ ಇಳಿದವು, ಹಾವಸೆ ಮತ್ತು ಕಲ್ಲುಹೂವಿನವು ಎಂದು ಬೇರೆ ಬೇರೆಯಾಗಿ ಬರೆದಿಟ್ಟೆ. ಹೋಲಿಕೆಗೆಂದು ಪಕ್ಕದ ಬೆಟ್ಟದ ಮತ್ತಿ, ಹೊನ್ನೆ ಮರಗಳ ತೊಗಟೆಯನ್ನೂ ಅದೇ ಕ್ರಮದಲ್ಲಿ ಚಿತ್ರಿಸಿದೆ.

ಲೆಕ್ಕಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿ ಸಿಗುತ್ತವೆ. ರಾ ಫೈಲನ್ನು ಯಾವ ತಿದ್ದುಪಡಿಯೂ ಇಲ್ಲದೆ, ಸರಳರೇಖೆಯ ಮೌಲ್ಯಗಳಲ್ಲಿಯೇ ತೆರೆಯಲು ಡೇವ್ ಕಾಫಿನ್ ಬರೆದ ಡಿಸಿರಾ ಇದೆ. ಪ್ರದೇಶಗಳನ್ನು ಗುರುತಿಸಿ ಸರಾಸರಿ ತೆಗೆಯಲು ಇಮೇಜ್‌ಜೆ ಇದೆ. ಇಮೇಜ್‌ಜೆ ಒಳಗೆ ಓಡುವ, ಜೋಲಿಯನ್ ಟ್ರೋಶಿಯಾಂಕೊ ಮತ್ತು ಮಾರ್ಟಿನ್ ಸ್ಟೀವನ್ಸ್ 2015ರಲ್ಲಿ ಪ್ರಕಟಿಸಿದ ಮೈಕಾ ಟೂಲ್‌ಬಾಕ್ಸ್ ಇವೆರಡನ್ನೂ ಒಂದುಗೂಡಿಸಿ, ಫಲಕವನ್ನು ಗುರುತಿಸಿದರೆ ಉಳಿದ ಲೆಕ್ಕವನ್ನು ತಾನೇ ಮಾಡುತ್ತದೆ. ಆದರೂ ಒಂದು ಸಲವಾದರೂ ಕೈಯಲ್ಲಿ ಲೆಕ್ಕ ಮಾಡಿ ನೋಡುವುದು ಒಳ್ಳೆಯದೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬೆಳಕೇ ಇಲ್ಲದಾಗಲೂ ಸೆನ್ಸರ್ ಸೊನ್ನೆ ಕೊಡುವುದಿಲ್ಲ, ಮಾದರಿಗೆ ತಕ್ಕಂತೆ 512 ಅಥವಾ 2048ರಂತಹ ಒಂದು ಮೊತ್ತ ಇದ್ದೇ ಇರುತ್ತದೆ. ಆ ಮೊತ್ತ 512 ಎಂದೂ, ಶೇಕಡಾ 20 ಪ್ರತಿಫಲನದ ಬೂದು ಚೌಕ ಹಸಿರು ವಾಹಿನಿಯಲ್ಲಿ, ಎಂದರೆ ಹಸಿರು ಸೋಸುಗದ ಮೌಲ್ಯಗಳಲ್ಲಿ, 5012 ಎಂದೂ, ಓತಿಯ ಬೆನ್ನಿನ ಒಂದು ಭಾಗ 2762 ಎಂದೂ ಇಟ್ಟುಕೊಳ್ಳೋಣ. 512ನ್ನು ಎರಡರಿಂದಲೂ ಕಳೆದರೆ 4500 ಮತ್ತು 2250. ಬೆನ್ನು ಚೌಕದ ಅರ್ಧ, ಎಂದರೆ ಹಸಿರು ಬೆಳಕಿನಲ್ಲಿ ಅದರ ಪ್ರತಿಫಲನ ಶೇಕಡಾ 10. ಕೆಂಪು, ನೀಲಿಗಳಿಗೂ ಪ್ರತ್ಯೇಕವಾಗಿ ಇದನ್ನೇ ಮಾಡಬೇಕು. ಹಸಿರು ನೆರಳಿನಲ್ಲಿ ಫಲಕದ ಹಸಿರು ಮೌಲ್ಯವೂ ಏರಿರುವುದರಿಂದ ಭಾಗಾಕಾರದಲ್ಲಿ ಆ ಏರಿಕೆ ತಾನಾಗಿ ಹೋಗಿಬಿಡುತ್ತದೆ. ಅಂತಹ ನೆರಳಿನಲ್ಲಿ ನೀಲಿ ಬೆಳಕು ಕಡಿಮೆಯಿರುವುದರಿಂದ ನೀಲಿ ವಾಹಿನಿಯ ಮೌಲ್ಯಗಳು ಹೆಚ್ಚು ಅಲ್ಲಾಡುತ್ತವೆ, ಅಲ್ಲಿ ದೊಡ್ಡ ಪ್ರದೇಶದ ಸರಾಸರಿಯನ್ನೇ ತೆಗೆದುಕೊಳ್ಳಬೇಕು.

ಬೆನ್ನಿನ ಅಳತೆ ಹೀಗೆ ಸಾಗಿದರೆ ಗಂಡಿನ ಗಂಟಲ ಚೀಲದ ಅಳತೆ ಬೇರೆಯೇ ವಿಚಾರ. ಆ ಹಳದಿ ಚೀಲವನ್ನು ಗಂಡು ಓತಿ ಮುಂದಕ್ಕೆ ಚಾಚಿ ಮಡಚುತ್ತದೆ, ಚಾಚಿದಾಗ ಅದು ತೆಳ್ಳಗಿನ ಚರ್ಮದ ಹಾಳೆ. ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದರೆ ನಾವು ಕಾಣುವುದು ಚರ್ಮ ಹಿಂದಿರುಗಿಸಿದ ಹಳದಿ. ಬೆಳಕು ಓತಿಯ ಹಿಂದಿನಿಂದ ಬಂದರೆ ಕಾಣುವುದು ಚರ್ಮವನ್ನು ದಾಟಿ ಬಂದ ಹಳದಿ. ಎರಡನೆಯದು ಹೆಚ್ಚು ಗಾಢ, ಹೆಚ್ಚು ಉಜ್ವಲ. ಬೂದು ಫಲಕ ಬೆಳಕನ್ನು ದಾಟಿಸುವುದಿಲ್ಲವಾದ್ದರಿಂದ ಈ ಎರಡನೆಯ ಸ್ಥಿತಿಗೆ ಅದು ಆಧಾರವಾಗಲಾರದು. ಹಾಗಾಗಿ ಹಿಂಬೆಳಕಿನ ಚಿತ್ರಗಳನ್ನು ಪ್ರತಿಫಲನದ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಇಟ್ಟಿದ್ದೇನೆ. ಎದುರಿನ ಮರದಲ್ಲಿರುವ ಇನ್ನೊಂದು ಓತಿಗೆ ಮಾತ್ರ ಈ ಎರಡೂ ಬಣ್ಣಗಳು ಕಾಣುತ್ತಿರುತ್ತವೆ, ಬಹುಶಃ ಎರಡನೆಯದೇ ಹೆಚ್ಚು ಮುಖ್ಯವಾಗಿರಬಹುದೆಂದು ನನಗೆ ತೋರುತ್ತದೆ.

ಇಲ್ಲಿಂದ ಮುಂದಿನ ಪ್ರಶ್ನೆ, ಬಣ್ಣವನ್ನು ಯಾರ ಕಣ್ಣಿಗಾಗಿ ಅಳೆಯುತ್ತಿದ್ದೇವೆ ಎಂಬುದು. ಮನುಷ್ಯನ ಕಣ್ಣಿನಲ್ಲಿ ಬಣ್ಣಕ್ಕೆ ಮೂರು ಬಗೆಯ ಶಂಕುಕೋಶಗಳಿದ್ದರೆ ಹಕ್ಕಿಗಳಲ್ಲಿಯೂ ಹಗಲಿನಲ್ಲಿ ಓಡಾಡುವ ಬಹುತೇಕ ಓತಿಗಳಲ್ಲಿಯೂ ನಾಲ್ಕು. ನಾಲ್ಕನೆಯದು ಹದ್ದು, ಕಾಗೆಗಳ ವಂಶದಲ್ಲಿ ನೇರಳೆಯತ್ತ ವಾಲಿದ್ದರೆ ಅನೇಕ ಹಾಡುಹಕ್ಕಿಗಳಲ್ಲಿ ನೇರಳಾತೀತದತ್ತ ವಾಲಿರುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆ ನೇರಳಾತೀತವನ್ನೂ ಅವಕೆಂಪನ್ನೂ ತಡೆಯುವ ಗಾಜು ಇರುತ್ತದೆ, ಲೆನ್ಸಿನ ಗಾಜೂ ನೇರಳಾತೀತದ ಬಹುಭಾಗವನ್ನು ನುಂಗುತ್ತದೆ. ಆದ್ದರಿಂದ ನನ್ನ ಅಳತೆಗಳು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿಗಷ್ಟೇ ಸಂಬಂಧಿಸಿದವು. ಓತಿ ಹಕ್ಕಿಗೆ ಕಾಣುತ್ತದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಅವುಗಳಿಂದ ಕೊಡಲು ನಾನು ಸಿದ್ಧನಿಲ್ಲ. ಒಂದು ಹಿನ್ನೆಲೆಗೂ ಇನ್ನೊಂದು ಹಿನ್ನೆಲೆಗೂ ಇರುವ ಅಂತರವನ್ನು ಈ ಮಿತಿಯೊಳಗೆ ಹೋಲಿಸಬಹುದು.

ಆ ಹೋಲಿಕೆಯಲ್ಲಿ ದೊರೆತದ್ದು ಇಷ್ಟು. ಹಾವಸೆ ಮತ್ತು ಕಲ್ಲುಹೂವಿನ ಕಾಂಡಗಳ ಮೇಲೆ ಓತಿಯ ಬೆನ್ನಿನ ಮೂರು ವಾಹಿನಿಗಳ ಮೌಲ್ಯವೂ ಕಾಂಡದ ಮೌಲ್ಯಗಳ ಹರವಿನೊಳಗೇ ಬಿದ್ದವು, ಬೆಟ್ಟದ ಮತ್ತಿ ಮರದ ತೊಗಟೆಯೊಂದಿಗೂ ಹಾಗೆಯೇ. ಔಷಧಿ ಇಳಿದ ಕಾಂಡಗಳಲ್ಲಿ ಉಜ್ವಲತೆಯಲ್ಲಿ ವ್ಯತ್ಯಾಸ ಸ್ವಲ್ಪವೇ ಇದ್ದು, ನೀಲಿ ಮತ್ತು ಕೆಂಪಿನ ಅನುಪಾತದಲ್ಲಿ ಮಾತ್ರ ಅಂತರ ಕಾಣಿಸಿತು. ಸುಣ್ಣದ ಕಾಂಡಗಳಲ್ಲಿ ಅನುಪಾತದ ಅಂತರ ನಾನು ಎಣಿಸಿದ್ದಕ್ಕಿಂತ ಕಡಿಮೆ, ಏಕೆಂದರೆ ಓತಿಯ ಬೂದು ಬೆನ್ನೂ ಸುಣ್ಣದ ಬಿಳಿಯೂ ಎರಡೂ ಬಣ್ಣಗೆಟ್ಟವೇ. ಎದ್ದು ಕಾಣುವುದೆಲ್ಲ ಉಜ್ವಲತೆಯ ಅಂತರದಿಂದ. ಮಳೆಗಾಲ ಕಳೆದು ಪಾಚಿ ಹಿಡಿದ ಹಳೆಯ ಸುಣ್ಣದ ಮೇಲೆ ಆ ಅಂತರವೂ ಕುಗ್ಗಿತ್ತು. ಪ್ರತಿ ಜೋಡಿ ರಾ ಫೈಲನ್ನೂ, ಅದು ಯಾವ ಮರ, ಯಾವ ಹೊತ್ತು, ಮೋಡ ಹೇಗಿತ್ತು ಎಂಬ ಟಿಪ್ಪಣಿಯೊಂದಿಗೆ ಹಾಗೆಯೇ ಕಾಪಿಟ್ಟಿದ್ದೇನೆ, ಮುಂದೆ ಬೇರೆಯವರು ತಮ್ಮ ವಿಧಾನದಿಂದ ಮತ್ತೆ ಲೆಕ್ಕ ಹಾಕಲು ಅನುಕೂಲವಾಗಲೆಂದು. ಸೆನ್ಸರಿನ ಮುಂದಿನ ತಡೆಗಾಜನ್ನು ತೆಗೆಸಿದ ಹಳೆಯ ಕ್ಯಾಮೆರಾವೊಂದನ್ನು ಈಗ ಸಿದ್ಧಪಡಿಸಿಕೊಳ್ಳುತ್ತಿದ್ದೇನೆ. ಹೊಸ ಸುಣ್ಣ ಬಳಿದ ಮೇಲೆ ಅದೇ ಸಾಲಿನಲ್ಲಿ, ಗಂಟಲ ಚೀಲದಿಂದಲೇ ಆರಂಭಿಸಿ, ನೇರಳಾತೀತದ ಅಳತೆಯನ್ನು ತೆಗೆಯಬೇಕಾಗಿದೆ.